ಆಕಾಶದ ಕಣ್ಣು ಕಂಡದ್ದೆಷ್ಟು, ಅಳೆದದ್ದೆಷ್ಟು?

ದೂರಸಂವೇದಿ ಉಪಗ್ರಹಗಳ ಪಾಠ ಸಾಮಾನ್ಯವಾಗಿ ಒಂದು ಪಟ್ಟಿಯಲ್ಲಿ ಮುಗಿಯುತ್ತದೆ. ಬೆಳೆ ಅಂದಾಜು, ಬರದ ಮುನ್ಸೂಚನೆ, ಅಂತರ್ಜಲ ಶೋಧ, ಖನಿಜ ಶೋಧ, ಅರಣ್ಯ ರಕ್ಷಣೆ ಎಂದು ಹತ್ತು ಉಪಯೋಗಗಳನ್ನು ಬರೆದರೆ ಹತ್ತು ಅಂಕ. ಬೋಧಕನಾಗಿ ನಾನೂ ಬಹುಕಾಲ ಇದೇ ಪಟ್ಟಿಯನ್ನು ಬರೆಸಿದ್ದೇನೆ. ಅದರಲ್ಲಿರುವ ಯಾವುದೂ ಸುಳ್ಳಲ್ಲ. ಆದರೆ ಯಾವ ಉಪಯೋಗ ಯಾರಿಗೆ, ಎಷ್ಟು ನಿಖರವಾಗಿ, ಯಾವ ಬೆಲೆಗೆ ಸಿಗುತ್ತದೆ ಎಂಬ ಪ್ರಶ್ನೆಗಳು ಅಲ್ಲಿ ಬರುವುದಿಲ್ಲ. ಉಪಗ್ರಹ ದತ್ತಾಂಶದ ವ್ಯಾಪಾರ ಬೆಳೆದಂತೆ ಅದೇ ಪಟ್ಟಿ ಕಂಪನಿಗಳ ಪ್ರಚಾರಪತ್ರಗಳಿಗೂ ಹೋಗಿದೆ. ಹೀಗಾಗಿ ಅದನ್ನು ಒಮ್ಮೆ ನೆಲದ ಮೇಲಿಟ್ಟು ಪರೀಕ್ಷಿಸುವುದು ಒಳ್ಳೆಯದು. ಇಲ್ಲಿ ಆ ನೆಲ ಸಂಡೂರು ತಾಲ್ಲೂಕು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಬಂಡ್ರಿಯ ಕಡೆ ಹೋಗಿದ್ದೆ. ಕೈಯಲ್ಲಿ ಆ ಪ್ರದೇಶದ ಉಪಗ್ರಹ ಚಿತ್ರದ ಮುದ್ರಿತ ಪ್ರತಿ ಇತ್ತು. ಹೊಲದ ಬದುವಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿ, "ಇದ್ರಾಗ ನನ್ನ ಹೊಲ ಎಲ್ಲೈತ್ರಿ ಸರ?" ಎಂದರು. ತೋರಿಸಲು ನಮ್ಮಿಂದ ಆಗಲಿಲ್ಲ. ಆ ಚಿತ್ರ ಲಿಸ್-3 ಕ್ಯಾಮೆರಾದ್ದು. ಅದರ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 23.5 ಮೀಟರ್ ಚೌಕ, ಅಂದರೆ 552 ಚದರ ಮೀಟರ್. ಒಂದು ಎಕರೆಗೆ 4,047 ಚದರ ಮೀಟರ್. ಅವರ ಒಂದು ಎಕರೆ ಹೊಲಕ್ಕೆ ಬರುವುದು ಏಳೇ ಪಿಕ್ಸೆಲ್. ಅವುಗಳಲ್ಲಿಯೂ ಬಹುಪಾಲು ಬದುವಿನ ಮೇಲೆ ಬಿದ್ದು, ಪಕ್ಕದ ಹೊಲವನ್ನೂ ದಾರಿಯನ್ನೂ ಬೆರೆಸಿಕೊಂಡಿರುತ್ತವೆ. ವಿಶಾಲ ಪ್ರದೇಶಗಳ ಬರ ಅಂದಾಜಿಗೆ ಬಳಸುವ 250 ಮೀಟರ್ ಪಿಕ್ಸೆಲ್ಲಿನಲ್ಲಂತೂ ಅಂಥ ಹದಿನೈದು ಹೊಲಗಳು ಸೇರಿ ಒಂದೇ ಚುಕ್ಕಿ. ಆ ಚುಕ್ಕಿ ತಾಲ್ಲೂಕಿನ ಸ್ಥಿತಿಯನ್ನು ಚೆನ್ನಾಗಿ ಹೇಳಬಲ್ಲದು; ಆ ಹಿರಿಯರ ಹೊಲದ ಸ್ಥಿತಿಯನ್ನು ಹೇಳಲಾರದು. ಪ್ರಚಾರದ ಮಾತಿನಲ್ಲಿ ಈ ಎರಡೂ ಒಂದೇ ಆಗಿಬಿಡುತ್ತವೆ.

ಇನ್ನು ಸಂಡೂರಿನ ಪ್ರಸಿದ್ಧ ಉದಾಹರಣೆಗೆ ಬರೋಣ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ಮೇಲೆ ಇಲ್ಲಿನ ಬೆಟ್ಟಗಳಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿದೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. "ಅಕ್ರಮ ಗಣಿಗಾರಿಕೆಯನ್ನು ಉಪಗ್ರಹ ಪತ್ತೆ ಹಚ್ಚಿತು" ಎಂದು ಆಗಾಗ ಬರೆಯಲಾಗುತ್ತದೆ. ಈ ವಾಕ್ಯವನ್ನು ನಾನು ಒಪ್ಪುವುದಿಲ್ಲ.

ಉಪಗ್ರಹ ನೋಡಲಿಲ್ಲ ಎಂದು ನನ್ನ ಆಕ್ಷೇಪವಲ್ಲ. ನೋಡುತ್ತಲೇ ಇತ್ತು. ಭಾರತದ ಮೊದಲ ಕಾರ್ಯಕಾರಿ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚ್ 17ರಂದು. 5.8 ಮೀಟರ್ ಪೃಥಕ್ಕರಣವಿದ್ದ ಐಆರ್‌ಎಸ್-1ಸಿ 1995ರ ಡಿಸೆಂಬರ್‌ನಲ್ಲಿ, 2.5 ಮೀಟರಿನ ಕಾರ್ಟೊಸ್ಯಾಟ್-1 2005ರ ಮೇ ತಿಂಗಳಲ್ಲಿ ಕಕ್ಷೆ ಸೇರಿದವು. ಬೆಟ್ಟ ಅಗೆದ ಜಾಗವನ್ನು ಗುರುತಿಸುವುದು ಭೌತವಿಜ್ಞಾನದ ದೃಷ್ಟಿಯಿಂದ ಕಠಿಣವೂ ಅಲ್ಲ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪನ್ನು ಧಾರಾಳವಾಗಿ ಪ್ರತಿಫಲಿಸುತ್ತದೆ. ಹೆಮಟೈಟ್ ಅದಿರು ಇದಕ್ಕೆ ಹೆಚ್ಚುಕಡಿಮೆ ವಿರುದ್ಧ: ಕೆಂಪನ್ನು ಪ್ರತಿಫಲಿಸಿ 0.86 ಮೈಕ್ರೊಮೀಟರಿನ ಆಸುಪಾಸಿನ ಅವಕೆಂಪನ್ನು ಹೀರುತ್ತದೆ. ಆದ್ದರಿಂದ ಕಾಡು ಹೋಗಿ ಗಣಿ ಬಂದರೆ ಎರಡು ಪಟ್ಟಿಗಳ ಅನುಪಾತ ಥಟ್ಟನೆ ಬದಲಾಗುತ್ತದೆ. ಅಗೆತದ ಗಾಯ ಚಿತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇತ್ತು, ಲಾರಿಗಳೂ ಓಡುತ್ತಲೇ ಇದ್ದವು.

ಕಾಣದೆ ಇದ್ದದ್ದು ಗೆರೆ. ಅಗೆತ ಸಕ್ರಮವೋ ಅಕ್ರಮವೋ ಎಂದು ತೀರ್ಮಾನಿಸುವುದು ಗುತ್ತಿಗೆಯ ಗಡಿ. ಅದು ಯಾವ ತರಂಗಾಂತರದಲ್ಲಿಯೂ ಪ್ರತಿಫಲಿಸುವುದಿಲ್ಲ. ಹಳೆಯ ಗುತ್ತಿಗೆ ನಕ್ಷೆಗಳು ಕೈಯಲ್ಲಿ ಬರೆದವು. ಇಂಥ ಹಳ್ಳದಿಂದ ಇಷ್ಟು ದೂರ, ಇಂಥ ಬಂಡೆಯಿಂದ ಅಷ್ಟು ದೂರ ಎಂಬ ಲೆಕ್ಕದವು. ಗಡಿಕಲ್ಲುಗಳು ಎಷ್ಟೋ ಕಡೆ ಇರಲೇ ಇಲ್ಲ. ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ವಿಂಗಡಿಸುವ ಮೊದಲು, ಇಲಾಖೆಗಳ ಜಂಟಿ ತಂಡ ಡಿಜಿಪಿಎಸ್ ಮತ್ತು ಟೋಟಲ್ ಸ್ಟೇಷನ್ ಉಪಕರಣ ಹೊತ್ತು ಬೆಟ್ಟ ಹತ್ತಬೇಕಾಯಿತು. ಉಪಗ್ರಹ ಚಿತ್ರಗಳೂ ನೆರವಾದವು. ಆದರೆ ಗಡಿಯನ್ನು ಕಟ್ಟಿದ್ದು ನೆಲದ ಮೇಲಿನ ಅಳತೆ.

ಅದು ಏಕೆ ಅನಿವಾರ್ಯವಾಯಿತೆಂದು ಲೆಕ್ಕ ಹಾಕಿ ನೋಡಬಹುದು. ಸಮಿತಿ ವಿಧಿಸಿದ ಮಾನದಂಡದಂತೆ, ಗುತ್ತಿಗೆಯ ಹೊರಗೆ ಅಗೆದ ಹೊಂಡಗಳು ಗುತ್ತಿಗೆ ವಿಸ್ತೀರ್ಣದ ಶೇ 10ನ್ನು, ಇಲ್ಲವೇ ತ್ಯಾಜ್ಯಮಣ್ಣಿನ ರಾಶಿಗಳು ಶೇ 15ನ್ನು ಮೀರಿದರೆ ಆ ಗಣಿ 'ಸಿ' ವರ್ಗ, ಅದರೊಳಗಿದ್ದರೆ 'ಬಿ'. 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಈಗ 20 ಹೆಕ್ಟೇರಿನ ಚೌಕಾಕಾರದ ಗುತ್ತಿಗೆಯೊಂದನ್ನು ಊಹಿಸಿಕೊಳ್ಳಿ. ಅದರ ಒಂದು ಭುಜ ಸುಮಾರು 447 ಮೀಟರ್. ಒಂದೇ ಭುಜದಗುಂಟ ಶೇ 10ರಷ್ಟು, ಅಂದರೆ 2 ಹೆಕ್ಟೇರ್ ಒತ್ತುವರಿಯಾಗಿದ್ದರೆ ಆ ಪಟ್ಟಿಯ ಅಗಲ 45 ಮೀಟರಿಗೂ ಕಡಿಮೆ. ಲಿಸ್-3 ಚಿತ್ರದಲ್ಲಿ ಇದು ಎರಡು ಪಿಕ್ಸೆಲ್ ಕೂಡ ಅಲ್ಲ. ಚಿತ್ರವನ್ನು ನಕ್ಷೆಯ ಮೇಲೆ ಕೂರಿಸುವಾಗ ಅರ್ಧ ಪಿಕ್ಸೆಲ್ ತಪ್ಪಿದರೆ 12 ಮೀಟರ್ ಸರಿಯುತ್ತದೆ. ವಿಸ್ತೀರ್ಣದಲ್ಲಿ ಕಾಲು ಭಾಗಕ್ಕೂ ಹೆಚ್ಚು ತಪ್ಪು. 'ಬಿ' ಹೋಗಿ 'ಸಿ' ಆಗಲು, 'ಸಿ' ಹೋಗಿ 'ಬಿ' ಆಗಲು ಇಷ್ಟು ಸಾಕು. ಕಾರ್ಟೊಸ್ಯಾಟ್‌ನಲ್ಲಿ ಅದೇ ಪಟ್ಟಿ 18 ಪಿಕ್ಸೆಲ್ ಅಗಲ ಬರುತ್ತದೆ ನಿಜ. ಆದರೆ ಗುತ್ತಿಗೆ ನಕ್ಷೆಯೇ 20 ಮೀಟರ್ ಆಚೀಚೆ ಇದ್ದರೆ ಪಿಕ್ಸೆಲ್ ಚಿಕ್ಕದಾಗಿ ಏನು ಪ್ರಯೋಜನ?

ಅದಿರಿನ ಪ್ರಮಾಣದ ಪ್ರಶ್ನೆ ಇನ್ನೂ ಸೂಕ್ಷ್ಮ. ಕಾರ್ಟೊಸ್ಯಾಟ್-1 ಎರಡು ಕೋನಗಳಿಂದ ಚಿತ್ರ ತೆಗೆಯುತ್ತಿದ್ದುದರಿಂದ ಹೊಂಡದ ಆಳವನ್ನೂ ಅಂದಾಜು ಮಾಡಬಹುದಿತ್ತು. ಆದರೆ 2 ಹೆಕ್ಟೇರ್ ಹೊಂಡದಲ್ಲಿ ಸರಾಸರಿ ಆಳ ಒಂದು ಮೀಟರ್ ತಪ್ಪಿದರೆ 20,000 ಘನ ಮೀಟರ್ ತಪ್ಪುತ್ತದೆ. ಘನ ಮೀಟರಿಗೆ ಮೂರೂವರೆ ಟನ್ ಹಿಡಿದರೂ ಎಪ್ಪತ್ತು ಸಾವಿರ ಟನ್. ಅದರಲ್ಲಿ ಅದಿರೆಷ್ಟು, ಬರಿಯ ಮಣ್ಣೆಷ್ಟು ಎಂದು ಚಿತ್ರ ಹೇಳುವುದಿಲ್ಲ. ಇಂಥ ದೋಷಮಿತಿಯನ್ನು ಬರೆಯದೆ ಬಣ್ಣದ ನಕ್ಷೆಯನ್ನಷ್ಟೇ ಮುದ್ರಿಸುವ ವರದಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಪ್ರಯೋಗಾಲಯದ ರೆಕಾರ್ಡಿನಲ್ಲಿ ದೋಷ ಬರೆಯದ ವಿದ್ಯಾರ್ಥಿಯ ಅಂಕ ಕಡಿಯುವ ನಾವು, ಆಕಾಶದಿಂದ ಬಂದ ಅಂಕಿಯ ಮುಂದೆ ಮಾತ್ರ ಕೈಮುಗಿದು ನಿಲ್ಲುತ್ತೇವೆ!

ಹಾಗೆಂದು ಎಲ್ಲ ಉಪಯೋಗವೂ ಇಷ್ಟೇ ದುರ್ಬಲವೆಂದಲ್ಲ. ಪಕ್ಕದ ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನೇ ನೋಡಿ. 1953ರಲ್ಲಿ 133 ಟಿಎಂಸಿ ಇದ್ದ ಅದರ ಸಾಮರ್ಥ್ಯವನ್ನು 2008ರ ಸಮೀಕ್ಷೆ 100.855 ಎಂದಿತು, 2016ರ ಸಮೀಕ್ಷೆ 105.788 ಎಂದಿತು. ಎಂಟು ವರ್ಷಗಳಲ್ಲಿ ಹೂಳು ತಾನಾಗಿ ಕರಗಲಿಲ್ಲ. ಬೇರೆ ಬೇರೆ ಅಳತೆಗಳ ನಡುವಿನ ಅಂತರ ಅದು. ಇಂಥಲ್ಲಿ ಉಪಗ್ರಹ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ನೀರು ಅವಕೆಂಪನ್ನು ಹೀರಿ ಕಪ್ಪಾಗಿ ಕಾಣುವುದರಿಂದ ದಡ ಸ್ಪಷ್ಟ. ಬೇರೆ ಬೇರೆ ದಿನಗಳ ಹರವನ್ನು ಅಳೆದು, ಆಯಾ ದಿನದ ಮಟ್ಟವನ್ನು ಅಣೆಕಟ್ಟೆಯ ದಾಖಲೆಯಿಂದ ತೆಗೆದುಕೊಂಡರೆ, ಎರಡು ಮಟ್ಟಗಳ ನಡುವಿನ ಗಾತ್ರ ಸಿಗುತ್ತದೆ. ಆದರೆ ಆ ವರ್ಷದ ಕನಿಷ್ಠ ಮಟ್ಟದ ಕೆಳಗಿನ ಹೂಳು ಕಾಣದು. ಅದಕ್ಕೆ ದೋಣಿಯಲ್ಲಿ ಹೋಗಿ ಪ್ರತಿಧ್ವನಿ ಮಾಪನ ಮಾಡಲೇಬೇಕು. ಈ ವಿಧಾನಕ್ಕೆ ಒಳ್ಳೆಯ ವರ್ಷವೆಂದರೆ ನೀರು ತಳಕ್ಕಿಳಿದ ಬರದ ವರ್ಷ.

ಈಗ ವ್ಯಾಪಾರದ ವಿಚಾರ. ಅಮೆರಿಕ 1984ರ ಕಾಯ್ದೆಯ ಮೂಲಕ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಖಾಸಗಿ ಮಾರಾಟಕ್ಕೆ ಬಿಟ್ಟಿತು. ಒಂದೊಂದು ಚಿತ್ರದ ಬೆಲೆ ಸಾವಿರಾರು ಡಾಲರಿಗೇರಿ, ವಿಶ್ವವಿದ್ಯಾಲಯಗಳು ಕೊಳ್ಳುವುದನ್ನು ಕೈಬಿಟ್ಟವು. 1992ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿದರು, 2008ರಲ್ಲಿ ಇಡೀ ಸಂಗ್ರಹವನ್ನೇ ಉಚಿತ ಮಾಡಿದರು. ದಿನಕ್ಕೆ ಹತ್ತಾರು ಇದ್ದ ಬೇಡಿಕೆ ಸಾವಿರಾರಕ್ಕೆ ಏರಿತು. ಯುರೋಪಿನ ಸೆಂಟಿನೆಲ್ ಚಿತ್ರಗಳು ಮೊದಲಿನಿಂದಲೂ ಉಚಿತ. ನಮ್ಮಲ್ಲಿ 1992ರಲ್ಲಿ ಹುಟ್ಟಿದ ಆಂಟ್ರಿಕ್ಸ್ ಐಆರ್‌ಎಸ್ ದತ್ತಾಂಶವನ್ನು ಹೊರದೇಶಗಳಿಗೆ ಮಾರಿ ಹೆಸರು ಗಳಿಸಿತು. ದೇಶದೊಳಗೆ ಮಾತ್ರ 2001ರ ದತ್ತಾಂಶ ನೀತಿ ಸೂಕ್ಷ್ಮ ಚಿತ್ರಗಳಿಗೆ ಅನುಮತಿಯ ಬೇಲಿ ಹಾಕಿತು. 2005ರಲ್ಲಿ ಗೂಗಲ್ ಅರ್ಥ್ ಬಂದ ಮೇಲೆ ಮನೆಯ ಮಾಳಿಗೆಯನ್ನು ಯಾರೂ ನೋಡಬಹುದಾಯಿತು, ಕಾಲೇಜೊಂದು ಸ್ವದೇಶಿ ಚಿತ್ರ ಪಡೆಯಲು ಅರ್ಜಿ ಹಾಕಿ ಕಾಯಬೇಕಾಯಿತು. 2023ರ ಭಾರತೀಯ ಬಾಹ್ಯಾಕಾಶ ನೀತಿ 5 ಮೀಟರ್ ಮತ್ತು ಅದಕ್ಕಿಂತ ಸ್ಥೂಲವಾದ ಇಸ್ರೊ ದತ್ತಾಂಶವನ್ನು ಮುಕ್ತಗೊಳಿಸಿದ್ದು ಸ್ವಾಗತಾರ್ಹ. ಅದಕ್ಕಿಂತ ಸೂಕ್ಷ್ಮವಾದದ್ದು ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಉಳಿದವರಿಗೆ ಬೆಲೆಗೆ. ಒಂದು ಗುತ್ತಿಗೆಯ ಒತ್ತುವರಿಯನ್ನು ಪ್ರಶ್ನಿಸಬಯಸುವ ಗ್ರಾಮಸ್ಥರಿಗೆ ಬೇಕಾದದ್ದು ಸ್ಥೂಲ ಚಿತ್ರವಲ್ಲ, ಆ ಸೂಕ್ಷ್ಮ ಚಿತ್ರವೇ. ತೆರಿಗೆ ಕೊಟ್ಟು ಹಾರಿಸಿದ ಕ್ಯಾಮೆರಾದ ಚಿತ್ರವನ್ನು ಅವರು ಮತ್ತೆ ಹಣ ಕೊಟ್ಟು ಕೊಳ್ಳಬೇಕು.

ಹೊಸ ಗಿರಾಕಿಯೆಂದರೆ ವಿಮೆ. ಫಸಲ್ ಬಿಮಾ ಯೋಜನೆಯಲ್ಲಿ 2023ರಿಂದ, ಮೊದಲಿಗೆ ಭತ್ತ ಮತ್ತು ಗೋಧಿಗೆ, ಇಳುವರಿ ಲೆಕ್ಕದಲ್ಲಿ ದೂರಸಂವೇದನೆ ಆಧಾರಿತ ಅಂದಾಜಿಗೆ ಕನಿಷ್ಠ ಶೇ 30ರ ತೂಕ ಕೊಡಲಾಯಿತು. ಕೊಯ್ಲು ಪ್ರಯೋಗದಲ್ಲಿ ನಡೆಯುವ ಕೈಚಳಕಕ್ಕೆ ಇದು ತಡೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಒಣಬೇಸಾಯದ ಹೊಲ ಭತ್ತದ ಗದ್ದೆಯಲ್ಲ. ಮುಖ್ಯ ಬೆಳೆಯ ನಡುವೆ ತೊಗರಿಯ ಅಕ್ಕಡಿ ಸಾಲಿರುತ್ತದೆ. ಪಿಕ್ಸೆಲ್ ಎರಡನ್ನೂ ಒಂದೇ ಹಸಿರೆಂದು ಓದುತ್ತದೆ. ಮುಂಗಾರಿನ ಮೋಡದಲ್ಲಿ ಬೆಳಕಿನ ಕ್ಯಾಮೆರಾ ಕುರುಡು. ಅದಿರು ಸಾಗುವ ರಸ್ತೆಯ ಪಕ್ಕದಲ್ಲಿ ಎಲೆಯ ಮೇಲೆ ಕೂತ ಕೆಂಧೂಳು ಕೆಂಪಿನ ಪ್ರತಿಫಲನವನ್ನು ಹೆಚ್ಚಿಸಿ ಹಸಿರಿನ ಸೂಚ್ಯಂಕವನ್ನು ಇಳಿಸುತ್ತದೆ. ಅದು ಬರವೋ ಧೂಳೋ ಎಂದು ತಿಳಿಯಲು ಹೊಲಕ್ಕೇ ಹೋಗಬೇಕು.

ಮೋಡದ ಸಮಸ್ಯೆಗೆ ರೇಡಾರ್ ಪರಿಹಾರ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನೈಸಾರ್ 12 ದಿನಗಳಿಗೊಮ್ಮೆ ಅದೇ ನೆಲವನ್ನು ಎರಡು ರೇಡಿಯೊ ಪಟ್ಟಿಗಳಲ್ಲಿ ನೋಡಲೆಂದು ರೂಪಿಸಿದ ಉಪಗ್ರಹ. ಅದರ ದತ್ತಾಂಶ ಉಚಿತ. ಸೆಂಟಿನೆಲ್-2ರ 10 ಮೀಟರ್ ಚಿತ್ರ ಈಗಲೇ ಸಿಗುತ್ತದೆ, ಎಕರೆಗೆ ನಲವತ್ತು ಪಿಕ್ಸೆಲ್. ಅಧ್ಯಾಪಕರು ಪಟ್ಟಿ ಬರೆಸುವ ಬದಲು, ದರೋಜಿ ಕೆರೆಯ ಹರವನ್ನು ಮೇ ಮತ್ತು ನವೆಂಬರ್‌ನ ಚಿತ್ರಗಳಲ್ಲಿ ಎಣಿಸಲು ಹೇಳಬಹುದು: ಪೂರ್ಣ ನೀರಿನ ಪಿಕ್ಸೆಲ್ ಎಷ್ಟು, ದಡದ ಬೆರಕೆ ಪಿಕ್ಸೆಲ್ ಎಷ್ಟು, ಬೆರಕೆಯವನ್ನು ಸೇರಿಸಿದಾಗ ಮತ್ತು ಬಿಟ್ಟಾಗ ವಿಸ್ತೀರ್ಣ ಎಷ್ಟು ಬದಲಾಗುತ್ತದೆ. ಅದಕ್ಕೆ ಬೇಕಾದದ್ದು ಗ್ರಾಫ್ ಹಾಳೆ, ಪೆನ್ಸಿಲ್ ಮತ್ತು ಒಂದು ಮಧ್ಯಾಹ್ನ.