ಹಳೆಯ ಆಂಪ್ಲಿಫೈಯರಿನ ಜೀರ್ಣೋದ್ಧಾರ: ಕ್ವಾಡ್ 2ರ ಕಂಡೆನ್ಸರುಗಳನ್ನು ಕುರಿತು ಒಂದು ವಿಮರ್ಶೆ

ಶಿಲಾಶಾಸನ, ತಾಮ್ರಪಟ, ಓಲೆಗರಿಗಳಂತೆಯೇ ಯಂತ್ರವೂ ಇತಿಹಾಸಕ್ಕೆ ಆಕರವಾಗಬಲ್ಲುದು. ಆಕರವೆಂದ ಮೇಲೆ ಅದನ್ನು ತಿದ್ದಿದವರು ಯಾರು, ಏಕೆ ತಿದ್ದಿದರು, ತಿದ್ದಿದುದರಿಂದ ಏನಾಯಿತು ಎಂಬ ಪ್ರಶ್ನೆಗಳು ತಪ್ಪುವುದಿಲ್ಲ. ಕಳೆದ ಶತಮಾನದ ನಡುಗಾಲದ ವಾಲ್ವು ಆಂಪ್ಲಿಫೈಯರುಗಳನ್ನು ಸಂಗ್ರಹಿಸುವ ರಸಿಕರಲ್ಲಿ ಒಂದು ಮಾತು ಸಿದ್ಧಾಂತದಂತೆ ನೆಲೆಗೊಂಡಿದೆ. ಒಳಗಿನ ಹಳೆಯ ಕಂಡೆನ್ಸರುಗಳನ್ನು ತೆಗೆದು ಹೆಚ್ಚು ಬೆಲೆಯ ಹೊಸವನ್ನು ಕೂಡಿಸಿದರೆ ಯಂತ್ರದ ನಾದವು ಮೊದಲು ಇದ್ದುದಕ್ಕಿಂತಲೂ ಮೇಲಾಗುತ್ತದೆ ಎಂಬುದೇ ಆ ಮಾತು. ಇದಕ್ಕೆ ಪ್ರಮಾಣವೇನು ಎಂಬುದನ್ನು ಒಂದು ಯಂತ್ರವನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು.

ಆ ಯಂತ್ರ ಕ್ವಾಡ್ 2. ಪೀಟರ್ ವಾಕರ್ ಸ್ಥಾಪಿಸಿದ ಅಕೌಸ್ಟಿಕಲ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪೆನಿಯು ಇಂಗ್ಲೆಂಡಿನ ಹಂಟಿಂಗ್ಡನ್ ಊರಿನಿಂದ ಇದನ್ನು 1953ರಲ್ಲಿ ಹೊರತಂದಿತು. ಇಎಫ್ 86 ಎಂಬ ಎರಡು ಚಿಕ್ಕ ವಾಲ್ವುಗಳು, ಕೆಟಿ 66 ಎಂಬ ಎರಡು ದೊಡ್ಡ ವಾಲ್ವುಗಳು, ವಿದ್ಯುತ್ತನ್ನು ಏಕಮುಖವಾಗಿಸುವ ಒಂದು ಜಿಝಡ್ 32. ಇವಿಷ್ಟರಿಂದ 15 ವಾಟ್ ಶಕ್ತಿ ದೊರೆಯುತ್ತದೆ. ಒಂದು ಪೆಟ್ಟಿಗೆ ಒಂದೇ ವಾಹಿನಿಗೆ ಸಾಲುವುದರಿಂದ ಸ್ಟೀರಿಯೋ ಕೇಳಬಯಸುವವರು ಎರಡನ್ನು ಇಟ್ಟುಕೊಳ್ಳಬೇಕು. ಈ ಸಂಗತಿ ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಇದರಲ್ಲಿ ಕಂಡೆನ್ಸರುಗಳು ಮುಖ್ಯವಾಗಿ ಎರಡು ಬಗೆಯ ಕೆಲಸ ಮಾಡುತ್ತವೆ. ಚಿಕ್ಕ ವಾಲ್ವುಗಳಿಂದ ದೊಡ್ಡ ವಾಲ್ವುಗಳಿಗೆ ಸಂಗೀತದ ಸಂಕೇತವನ್ನು ಸಾಗಿಸಿ, ಅದರೊಡನೆ ಇರುವ ಏಕಮುಖ ವೋಲ್ಟೇಜನ್ನು ತಡೆದು ನಿಲ್ಲಿಸುವವು 0.1 ಮೈಕ್ರೊಫ್ಯಾರಡ್ಡಿನ ಎರಡು. ವಿದ್ಯುತ್ ಸರಬರಾಜಿನ ಏರಿಳಿತವನ್ನು ಸಮಗೊಳಿಸುವವು ಒಂದೇ ಡಬ್ಬಿಯೊಳಗಿನ 16 ಮೈಕ್ರೊಫ್ಯಾರಡ್ಡಿನ ಎರಡು. ಮೊದಲನೆಯ ಬಗೆಯವು ಮುಪ್ಪಾದಂತೆ ನಿರೋಧಕ ಪದರವು ತೇವ ಹೀರಿ ಸೋರತೊಡಗುತ್ತದೆ; ಎರಡನೆಯವುಗಳಲ್ಲಿ ದ್ರಾವಣ ಒಣಗಿ, ಧಾರಣಶಕ್ತಿ ಕುಂದಿ, ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಹುಟ್ಟುತ್ತದೆ.

ಸೋರಿಕೆಯನ್ನು ಅಲ್ಪವೆಂದು ಬಗೆಯಲಾಗದು. ಕೆಟಿ 66ರ ಗ್ರಿಡ್ಡಿಗೆ ಜೋಡಿಸಿರುವ ರೋಧಕದ ಬೆಲೆ 680 ಕಿಲೋ ಓಮ್. ಕಂಡೆನ್ಸರಿನಿಂದ ಕೇವಲ 10 ಮೈಕ್ರೊಆಂಪಿಯರ್ ಸೋರಿದರೂ ಆ ರೋಧಕದ ತುದಿಯಲ್ಲಿ ಸುಮಾರು 7 ವೋಲ್ಟು ಏಳುತ್ತದೆ. ಗ್ರಿಡ್ಡು ಅಷ್ಟು ಮೇಲೇರಿತೆಂದರೆ ವಾಲ್ವಿನಲ್ಲಿ ಹರಿಯಬಾರದಷ್ಟು ವಿದ್ಯುತ್ ಹರಿದು, ವಾಲ್ವು ಕಾದು, ಅದಕ್ಕೆ ಜೊತೆಯಾದ ಟ್ರಾನ್ಸ್‌ಫಾರ್ಮರಿಗೂ ಅಪಾಯ ತಪ್ಪದು. ಆದಕಾರಣ ಸೋರುವ ಕಂಡೆನ್ಸರನ್ನು ಬದಲಾಯಿಸಲೇಬೇಕು. ಇಷ್ಟರಮಟ್ಟಿಗೆ ನಮಗೂ ರಸಿಕರಿಗೂ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಹುಟ್ಟುವುದು ಅನಂತರ. ಹೊಸದನ್ನು ಕೂಡಿಸಿದವರು ಕೇಳುತ್ತಾರೆ. ಮಂದ್ರಸ್ಥಾಯಿ ಗಟ್ಟಿಯಾಯಿತು, ತಾರಸ್ಥಾಯಿಯ ಮುಸುಕು ಸರಿಯಿತು ಎಂದು ಬರೆಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಹೋಲಿಸಿದ್ದು ಏನನ್ನು ಏನರೊಡನೆ? ಅರವತ್ತು ವರ್ಷ ಬೆಂದು ಬತ್ತಿದ ಭಾಗವನ್ನು ನಿನ್ನೆ ಕೊಂಡ ಭಾಗದೊಡನೆ. 1953ರಲ್ಲಿ ಆ ಹಳೆಯ ಭಾಗ ಹೊಸದಾಗಿದ್ದಾಗ ಯಂತ್ರ ಹೇಗೆ ನುಡಿಯುತ್ತಿತ್ತೆಂಬುದಕ್ಕೆ ಈ ಹೋಲಿಕೆಯಲ್ಲಿ ಸಾಕ್ಷಿಯೇ ಇಲ್ಲ. ಮುಪ್ಪು ನೀಗಿದುದರಿಂದ ಬಂದ ಫಲವನ್ನು ಬೆಲೆಯ ಖಾತೆಗೆ ಜಮಾ ಮಾಡಿದಂತಾಗಿದೆ. ಹುಳು ತಿಂದ ಓಲೆಪ್ರತಿಯೊಂದನ್ನೇ ನೋಡಿ, ತನ್ನ ಮುದ್ರಿತ ಪಾಠವು ಕವಿಯ ಮೂಲಕ್ಕಿಂತ ಶುದ್ಧವೆಂದು ಸಾರುವ ಸಂಪಾದಕನನ್ನು ನಾವು ಒಪ್ಪುವುದಿಲ್ಲ.

ರಸಿಕರ ಪಕ್ಷಕ್ಕೆ ಗೌರವಾರ್ಹವಾದ ಆಧಾರವೂ ಒಂದುಂಟು. ವಾಲ್ಟರ್ ಯುಂಗ್ ಮತ್ತು ರಿಚರ್ಡ್ ಮಾರ್ಷ್ ಎಂಬವರು 1980ರಲ್ಲಿ ಅಮೆರಿಕದ ‘ಆಡಿಯೋ’ ಪತ್ರಿಕೆಯಲ್ಲಿ ಎರಡು ಕಂತುಗಳಾಗಿ ಬರೆದ ಲೇಖನವು, ಕಂಡೆನ್ಸರುಗಳು ನಿರೋಧಕ ವಸ್ತುವಿಗೆ ಅನುಗುಣವಾಗಿ ಬೇರೆಬೇರೆಯಾಗಿ ವರ್ತಿಸುತ್ತವೆಂದು ತೋರಿಸಿ, ಪಾಲಿಪ್ರೊಪಿಲೀನಿನಂಥವನ್ನು ಎತ್ತಿಹಿಡಿಯಿತು. ಆ ವ್ಯತ್ಯಾಸಗಳು ಉಪಕರಣದಿಂದ ಅಳೆಯಬಹುದಾದವು, ಅವುಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಳತೆಗೆ ಸಿಕ್ಕುವುದೆಲ್ಲ ಎಲ್ಲ ಯಂತ್ರದಲ್ಲಿಯೂ ಕಿವಿಗೆ ಸಿಕ್ಕೀತೆಂದು ಹೇಳಲು ಇನ್ನೊಂದು ಹೆಜ್ಜೆ ಬೇಕು. ಕ್ವಾಡ್ 2ರಲ್ಲಿ ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ 20 ಕಂಪನಗಳ ಅತಿ ಮಂದ್ರದಲ್ಲಿ 0.1 ಮೈಕ್ರೊಫ್ಯಾರಡ್ಡು ಒಡ್ಡುವ ತಡೆ ಸುಮಾರು 80 ಕಿಲೋ ಓಮ್, ಎದುರಿಗಿರುವುದು 680. ಸಂಕೇತದ ನಷ್ಟ ನೂರಕ್ಕೆ ಒಂದು ಪಾಲನ್ನೂ ಮುಟ್ಟುವುದಿಲ್ಲ. 1000 ಕಂಪನಗಳಲ್ಲಿ ಆ ತಡೆ 1.6 ಕಿಲೋ ಓಮಿಗೆ ಇಳಿಯುತ್ತದೆ. ಕಂಡೆನ್ಸರಿನ ಮೇಲೆ ಬೀಳುವ ಸಂಕೇತವೇ ಇಷ್ಟು ಕಡಿಮೆಯಾದಾಗ, ಅದರ ಗುಣದೋಷಗಳಿಗೆ ಪ್ರಕಟವಾಗಲು ಎಡೆಯೆಲ್ಲಿ? ಸೋರದ, ಸಾಧಾರಣ ಬೆಲೆಯ ಫಿಲ್ಮ್ ಕಂಡೆನ್ಸರು ಇಲ್ಲಿ ಸಾಕೆಂದೇ ನನ್ನ ಅಭಿಪ್ರಾಯ.

ಈ ಯಂತ್ರವನ್ನು ಕುರಿತ ಇನ್ನೊಂದು ಸಾಕ್ಷ್ಯವೂ ಇದೆ. 1978ರ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಜೇಮ್ಸ್ ಮೊಯಿರ್ ಒಂದು ಪರೀಕ್ಷೆಯ ವರದಿ ಪ್ರಕಟಿಸಿದರು. ಕ್ವಾಡ್ 2ನ್ನೂ ಅದೇ ಸಂಸ್ಥೆಯ ಟ್ರಾನ್ಸಿಸ್ಟರು ಯಂತ್ರಗಳಾದ 303, 405ಗಳನ್ನೂ, ಯಾವುದು ನುಡಿಯುತ್ತಿದೆಯೆಂದು ತಿಳಿಸದೆ, ನುರಿತ ಶ್ರೋತೃಗಳಿಗೆ ಕೇಳಿಸಲಾಯಿತು. ಅವರು ಊಹೆಯನ್ನು ಮೀರಿದ ಮಟ್ಟದಲ್ಲಿ ಒಂದನ್ನೊಂದರಿಂದ ಗುರುತಿಸಲಾರದೆ ಹೋದರು. ಪರೀಕ್ಷೆಯನ್ನು ಏರ್ಪಡಿಸಿದ್ದು ತಯಾರಕರೇ ಎಂಬುದನ್ನು ಮರೆಯಬಾರದು. ಪ್ರಶಸ್ತಿಯನ್ನು ಓದುವಾಗ ಬರೆಯಿಸಿದ ಅರಸನನ್ನು ನೆನೆಯುವುದು ನಮ್ಮ ಕಸುಬಿನ ಅಭ್ಯಾಸವಷ್ಟೆ. ಆದರೂ ವಾಲ್ವು, ಟ್ರಾನ್ಸಿಸ್ಟರುಗಳ ಅಂತರವೇ ತಿಳಿಯದಿದ್ದಲ್ಲಿ, ಎರಡು ಸುಸ್ಥಿತಿಯ ಕಂಡೆನ್ಸರುಗಳ ಅಂತರ ತಿಳಿಯಿತೆನ್ನುವವರು ಪ್ರಮಾಣ ಒದಗಿಸಬೇಕು.

ಸುಧಾರಣೆಯ ಹೆಸರಿನಲ್ಲಿ ಹಾನಿಯಾಗುವುದು ಸರಬರಾಜಿನ ಕಡೆ. 16 ಇದ್ದಲ್ಲಿ ಅದರ ಹಲವು ಪಟ್ಟು ಹಾಕಿದರೆ ಮಂದ್ರ ಬಲಿಯುವುದೆಂಬ ನಂಬಿಕೆಯಿದೆ. ರೆಕ್ಟಿಫೈಯರಿನ ಮುಂದಿನ ಮೊದಲ ಕಂಡೆನ್ಸರು ದೊಡ್ಡದಾದಷ್ಟೂ ಅದನ್ನು ತುಂಬಲು ಜಿಝಡ್ 32ರ ಮೂಲಕ ಹರಿಯುವ ವಿದ್ಯುತ್ತಿನ ಪೆಟ್ಟು ಕಿರಿದಾಗಿಯೂ ತೀವ್ರವಾಗಿಯೂ ಬೀಳುತ್ತದೆ. ವಾಲ್ವನ್ನು ಮತ್ತೆ ಕೊಳ್ಳಬಹುದು. ಅದೇ ಪೆಟ್ಟಿಗೆ ಸಿಕ್ಕಿ ಕಾಯುವ ಮೂಲದ ಟ್ರಾನ್ಸ್‌ಫಾರ್ಮರು ಸುಟ್ಟರೆ ಅದೇ ಕೈಯ ಇನ್ನೊಂದು ದೊರೆಯುವುದು ಕಷ್ಟ. ಜೀರ್ಣೋದ್ಧಾರವೆಂದು ಹೊರಟು ಗರ್ಭಗುಡಿಯ ಗೋಡೆಯನ್ನೇ ಕೆಡವಿದ ನಿದರ್ಶನಗಳು ನಮ್ಮ ವಿದ್ಯಾರ್ಥಿಗಳಿಗೆ ಹೊಸವಲ್ಲ.

ಪ್ರಮಾಣ ಒದಗಿಸುವ ದಾರಿ ದುರ್ಗಮವೇನೂ ಆಗಿಲ್ಲ. ಸ್ಟೀರಿಯೋಗೆಂದು ಎರಡು ಕ್ವಾಡ್ 2ಗಳನ್ನು ಇಟ್ಟುಕೊಂಡವರು ಮೊದಲು ಎರಡರಲ್ಲಿಯೂ ಕೆಟ್ಟ ಭಾಗಗಳನ್ನೆಲ್ಲ ಮೂಲದ ಬೆಲೆಗೆ ಸರಿಯಾಗಿ ಬದಲಾಯಿಸಲಿ. ಅನಂತರ ಒಂದರಲ್ಲಿ ಸಾಧಾರಣ 0.1ನ್ನೂ ಇನ್ನೊಂದರಲ್ಲಿ ದುಬಾರಿಯದನ್ನೂ ಇಟ್ಟು, ಒಂದೇ ಮಾನೋ ತಟ್ಟೆಯನ್ನು, ಒಂದೇ ಸ್ಪೀಕರಿನಲ್ಲಿ, ಸದ್ದಿನ ಮಟ್ಟವನ್ನು ಮೀಟರಿನಿಂದ ಸಮಮಾಡಿ, ಮರೆಯಲ್ಲಿ ಕುಳಿತ ಮತ್ತೊಬ್ಬರಿಂದ ಅದಲುಬದಲು ಮಾಡಿಸಿ ಕೇಳಲಿ. ತೆಗೆದ ಹಳೆಯ ಭಾಗಗಳನ್ನು ಎಸೆಯದೆ, ಸ್ಥಾನವನ್ನೂ ದಿನಾಂಕವನ್ನೂ ಬರೆದು ಒಂದು ಲಕೋಟೆಯಲ್ಲಿ ಯಂತ್ರದೊಡನೆಯೇ ಇಡಲಿ.