ಪೆರೋಲ್ ಬಿಡುಗಡೆ ಮತ್ತು ಸರ್ಕಾರದ ಹೊಣೆ
ಅವಧಿಗೆ ಮುನ್ನ ಬಿಡುಗಡೆ ಹೊಂದಿದ ಅಪರಾಧಿಯು ಮತ್ತೊಬ್ಬರನ್ನು ಕೊಂದರೆ ಸರ್ಕಾರವು ಪರಿಹಾರ ತೆರಬೇಕೆ? ತೆರಬೇಕಿಲ್ಲವೆಂಬುದು ಕ್ಯಾಲಿಫೋರ್ನಿಯದ ಶಾಸನ. ಪೆರೋಲ್ ಪಡೆದ ಐದು ತಿಂಗಳಲ್ಲಿ ಒಬ್ಬನು 15 ವರ್ಷದ ಬಾಲಕಿಯನ್ನು ಕೊಂದ ಸಂಬಂಧದ ಮಾರ್ಟಿನೆಜ್ ಮೊಕದ್ದಮೆಯಲ್ಲಿ, 1980ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಈ ಶಾಸನವು ಸಂವಿಧಾನಕ್ಕೆ ವಿರುದ್ಧವಲ್ಲವೆಂದಿತು.

ದಾವೆಯ ಭಯವಿದ್ದರೆ ಅಧಿಕಾರಿಗಳು ಯಾರನ್ನೂ ಬಿಡರು, ಸುಧಾರಣೆಯೇ ನಿಂತುಹೋಗುವುದು ಎಂಬುದು ಇಂತಹ ರಕ್ಷಣೆಯ ಸಮರ್ಥನೆ. ಅಧಿಕಾರಿಯ ಮಟ್ಟಿಗೆ ಈ ವಾದವು ಸಾಧು. ಬೊಕ್ಕಸದ ಮಟ್ಟಿಗೆ ಅಲ್ಲ. ಸುಧಾರಣೆಯ ಫಲವು ಇಡೀ ಸಮಾಜಕ್ಕೆ ಸಲ್ಲುವಾಗ ಅದರ ನಷ್ಟವನ್ನು ಒಂದೇ ಮನೆ ಹೊರುವುದು ನ್ಯಾಯವೆನಿಸದು.

ನಮ್ಮ 1958ರ ಅಪರಾಧಿಗಳ ಪ್ರೊಬೇಷನ್ ಅಧಿನಿಯಮದ 16ನೆಯ ಸೆಕ್ಷನ್ನು ಸಹ, ಸದ್ಭಾವನೆಯಿಂದ ಮಾಡಿದ ಕಾರ್ಯಕ್ಕಾಗಿ, ಅಧಿಕಾರಿಯನ್ನೂ ರಾಜ್ಯ ಸರ್ಕಾರವನ್ನೂ ಒಟ್ಟಿಗೇ ರಕ್ಷಿಸುತ್ತದೆ. ಇವೆರಡನ್ನು ಬೇರ್ಪಡಿಸುವುದು ಯುಕ್ತ. ತಪ್ಪು ಯಾರದೆಂದು ಹುಡುಕದೆ ಸರ್ಕಾರವೇ ಪರಿಹಾರ ಕೊಡುವುದಾದರೆ ಅಧಿಕಾರಿಯ ಧೈರ್ಯವೂ ಕುಂದದು, ನೊಂದವರೂ ಅನಾಥರಾಗರು.