ಕಲ್ಲಿನ ಅಡಿಟಿಪ್ಪಣಿ

ಯುದ್ಧ ಸ್ಮಾರಕಗಳನ್ನು ನಾವು ನೋಡುತ್ತೇವೆ, ಓದುವುದಿಲ್ಲ. ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ಕೇಳುವ ಪ್ರಶ್ನೆಗಳನ್ನು ಕಲ್ಲಿಗೂ ಕೇಳಬಹುದು: ಬರೆಸಿದವರು ಯಾರು, ಯಾರನ್ನು ಕುರಿತು ಬರೆಸಿದರು, ಯಾರನ್ನು ಬಿಟ್ಟರು? ದೆಹಲಿಯಲ್ಲಿ ಇಂಥ ಓದಿಗೆ ಹೊರಟವರು ಮೊದಲು ಕಾರಿನಿಂದ ಇಳಿಯಬೇಕು. ಕಾರಿನ ಕಿಟಕಿಗೆ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಮೆಟ್ರೋ ಚೀಟಿ ಮತ್ತು ನಡೆಯುವ ಕಾಲು ಇದ್ದರೆ ರಾಜಧಾನಿಯ ಸೈನಿಕ ಚರಿತ್ರೆಯ ಮುಖ್ಯ ಪುಟಗಳೆಲ್ಲ ಕೈಗೆಟುಕುತ್ತವೆ.

ಮೊದಲ ಪುಟ ಕಾಶ್ಮೀರಿ ಗೇಟ್. ಮೆಟ್ರೋದ ಮೂರು ಮಾರ್ಗಗಳು ಕೂಡುವ ಜಾಗ. 1857ರ ಸೆಪ್ಟೆಂಬರ್ 14ರಂದು ಬ್ರಿಟಿಷ್ ಸೈನ್ಯ ಸಿಡಿಮದ್ದಿಟ್ಟು ಒಳನುಗ್ಗಿದ ಜೋಡಿ ಬಾಗಿಲು ಗಾಯದ ಗುರುತುಗಳೊಂದಿಗೆ ಇನ್ನೂ ನಿಂತಿದೆ. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಲೋಥಿಯನ್ ರಸ್ತೆಯ ನಡುವೆ, ವಾಹನಗಳ ಪ್ರವಾಹದಲ್ಲಿ ದ್ವೀಪದಂತೆ, ಹಳೆಯ ಮದ್ದಿನ ಮನೆಯ ಅವಶೇಷ. ಸಿಪಾಯಿಗಳ ಕೈಗೆ ಸಿಗಬಾರದೆಂದು 1857ರ ಮೇ 11ರಂದು ಬ್ರಿಟಿಷರೇ ಅದನ್ನು ಸ್ಫೋಟಿಸಿದರು. ಕಾವಲಿದ್ದ ಒಂಬತ್ತು ಮಂದಿ ಇಂಗ್ಲಿಷರನ್ನು ಹೊಗಳಿ 1888ರಲ್ಲಿ ಹಾಕಿದ ಫಲಕ ಎದುರಾಳಿಗಳನ್ನು ದಂಗೆಕೋರರೆನ್ನುತ್ತದೆ. ಅದರ ಕೆಳಗೆ ಸ್ವತಂತ್ರ ಭಾರತ ಇನ್ನೊಂದು ಫಲಕ ಸೇರಿಸಿದೆ. ದಂಗೆಕೋರರೆಂದು ಮೇಲೆ ಕರೆದಿರುವುದು ಪರಕೀಯ ಸರ್ಕಾರವನ್ನು ಕಿತ್ತೊಗೆಯಲು ಹೊರಟ ಭಾರತೀಯ ಯೋಧರನ್ನು ಎಂಬುದು ಅದರ ಸಾರ.

ಕೆಂಪು ಮಾರ್ಗದಲ್ಲಿ ಎರಡು ನಿಲ್ದಾಣ ದಾಟಿ ಪುಲ್‌ಬಂಗಶ್‌ನಲ್ಲಿ ಇಳಿದು ಉತ್ತರಕ್ಕೆ ಏರು ಹತ್ತಿದರೆ 'ರಿಡ್ಜ್' ಎನ್ನುವ ದಿಣ್ಣೆ. ಹಾಗೆ ಹತ್ತಿದಾಗಲೇ ಗೊತ್ತಾಗುತ್ತದೆ, ಮುತ್ತಿಗೆ ಹಾಕಿದವರಿಗೂ ಮುತ್ತಿಗೆಗೆ ಒಳಗಾದವರಿಗೂ ಎಷ್ಟು ಕಡಿಮೆ ಅಂತರವಿತ್ತೆಂದು. ಜೂನ್ 8ರಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಇವರು ಅವರನ್ನು, ಅವರು ಇವರನ್ನು ನೋಡುತ್ತಲೇ ಇದ್ದರು. ದಿಣ್ಣೆಯ ಮೇಲೆ 1863ರಲ್ಲಿ ಕಟ್ಟಿದ ಎಂಟು ಮೂಲೆಯ ಕೆಂಪುಕಲ್ಲಿನ ಗೋಪುರವಿದೆ. ಇಗರ್ಜಿಯ ಶಿಖರವನ್ನು ಕಿತ್ತು ತಂದು ನಿಲ್ಲಿಸಿದಂತಿದೆ. ಆಗ ಅದು 'ಮ್ಯೂಟಿನಿ ಸ್ಮಾರಕ'. 1972ರಲ್ಲಿ, ಸ್ವಾತಂತ್ರ್ಯದ 25ನೆಯ ವರ್ಷದಲ್ಲಿ, ಅದು 'ಅಜಿತಗಢ'ವಾಯಿತು. ಹಳೆಯ ಬರಹಗಳನ್ನು ಅಳಿಸಲಿಲ್ಲ. ಇಲ್ಲಿ 'ಶತ್ರು' ಎಂದಿರುವವರು ವಿಮೋಚನೆಗಾಗಿ ಧೈರ್ಯದಿಂದ ಹೋರಾಡಿದವರು ಎಂಬರ್ಥದ ಫಲಕ ಹಾಕಿದರು, ಅಷ್ಟೆ.

ದೆಹಲಿಯ ಸೈನಿಕ ಸ್ಮಾರಕಗಳಲ್ಲಿ ನನಗೆ ಅತ್ಯಂತ ಪ್ರೌಢವೆನಿಸುವ ಬರಹಗಳು ಈ ಎರಡು ಅಡಿಟಿಪ್ಪಣಿಗಳು. ಸೋತವನು ಗೆದ್ದ ಮೇಲೆ ಹಳೆಯ ಗೆಲುವಿನ ಕಲ್ಲನ್ನು ಒಡೆಯುವುದು ಸುಲಭ. ಒಡೆಯದೆ, ಪಕ್ಕದಲ್ಲಿ ನಿಂತು, ನೀನು ಹೇಳಿದ್ದು ಹೀಗೆ, ನಾನು ಹೇಳುವುದು ಹೀಗೆ ಎನ್ನುವುದಕ್ಕೆ ಆತ್ಮವಿಶ್ವಾಸ ಬೇಕು. ಆದರೂ ಈ ಟಿಪ್ಪಣಿ ಅಪೂರ್ಣ. ಗೋಪುರದ ಹಳೆಯ ಫಲಕಗಳು ಸತ್ತ ಬ್ರಿಟಿಷರ ಜೊತೆಗೆ ಅವರ ಪರವಾಗಿ ಸತ್ತ 'ದೇಶೀಯ' ಸೈನಿಕರನ್ನೂ ನೆನೆಯುತ್ತವೆ. ಸಿಖ್ಖರಿದ್ದರು, ಗೂರ್ಖಾಗಳಿದ್ದರು, ಪಂಜಾಬಿನ ಮುಸಲ್ಮಾನರಿದ್ದರು. ಹೊಸ ಫಲಕದ ಲೆಕ್ಕದಲ್ಲಿ ಇವರು ಶತ್ರುಗಳೂ ಅಲ್ಲ, ಹುತಾತ್ಮರೂ ಅಲ್ಲ. ಅವರ ಬಗ್ಗೆ ಅದು ಮಾತನ್ನೇ ಆಡುವುದಿಲ್ಲ.

ಅದೇ ಮೌನ ಕನ್ನಡಿಗರನ್ನು ನೇರವಾಗಿ ತಟ್ಟುವುದು ಊರಿನ ಇನ್ನೊಂದು ಕೊನೆಯಲ್ಲಿ. ಕಾಶ್ಮೀರಿ ಗೇಟ್‌ಗೆ ಹಿಂದಿರುಗಿ ಹಳದಿ ಮಾರ್ಗ ಹಿಡಿದು ಲೋಕ ಕಲ್ಯಾಣ ಮಾರ್ಗದಲ್ಲಿ ಇಳಿದು ನಡೆದರೆ ತೀನ್ ಮೂರ್ತಿ. ಕಾರಿನವರಿಗೆ ಅದೊಂದು ತಿರುವು ಮಾತ್ರ. ವೃತ್ತದ ನಡುವಿನ ಮೂರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಲ್ಯಾನ್ಸರ್‌ಗಳು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ನುಗ್ಗಿದವರು ಜೋಧಪುರದವರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಏರಿಹೋದವರಲ್ಲಿ ನಮ್ಮ ಮೈಸೂರಿನವರಿದ್ದರು. ಆ ಬೆಟ್ಟ ಅವರದಲ್ಲ, ಅವರ ಮಹಾರಾಜರದೂ ಅಲ್ಲ; ಯುದ್ಧ ಸಾಮ್ರಾಜ್ಯದ್ದು. 2018ರ ಜನವರಿಯಲ್ಲಿ, ಇಸ್ರೇಲಿನ ಪ್ರಧಾನಿ ಬಂದಿದ್ದಾಗ, ವೃತ್ತದ ಹೆಸರಿಗೆ ಹೈಫಾ ಸೇರಿತು. ಹೆಸರಿನಿಂದ ಗೌರವ ಬಂತು, ವಿವರಣೆ ಬರಲಿಲ್ಲ.

ಇಂಡಿಯಾ ಗೇಟ್‌ಗೆ ಬಂದರೆ ವಿಚಿತ್ರ ಇನ್ನೂ ಸ್ಪಷ್ಟ. 1931ರಲ್ಲಿ ಉದ್ಘಾಟನೆಯಾದ, 42 ಮೀಟರ್ ಎತ್ತರದ ಈ ಕಮಾನಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಹಲವು ಕೆಳಗೆ ನಿಂತವರ ಕಣ್ಣಿಗೆ ಎಟುಕವು. 1971ರ ಯುದ್ಧದ ನಂತರ, 1972ರ ಜನವರಿ 26ರಂದು, ಅದರಡಿ ಅಮರ್ ಜವಾನ್ ಜ್ಯೋತಿ ಉರಿಯತೊಡಗಿತು. ಪಕ್ಕದಲ್ಲೇ 2019ರಲ್ಲಿ ಎದ್ದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಡನೆ 2022ರ ಜನವರಿ 21ರಂದು ಅದನ್ನು ಸೇರಿಸಲಾಯಿತು. ಹೊಸ ಸ್ಮಾರಕ ಚೆನ್ನಾಗಿದೆ. ಹೆಸರುಗಳು ಓದುವ ಎತ್ತರದಲ್ಲಿವೆ, ಒಂದೊಂದು ಹೆಸರಿಗೂ ಒಂದೊಂದು ಕಲ್ಲು. ಜ್ಯೋತಿಯನ್ನು ಸಾಗಿಸಿದಾಗ ಕೇಳಿಬಂದ ವಾದ ಮಾತ್ರ ಚಿಂತೆಗೀಡುಮಾಡುತ್ತದೆ: ಇಂಡಿಯಾ ಗೇಟ್‌ನ ಹೆಸರುಗಳು ಬ್ರಿಟಿಷರಿಗಾಗಿ ಹೋರಾಡಿದವರವು, ವಸಾಹತಿನ ಕುರುಹು ಎಂದು. ಹಾಗಾದರೆ ಹೈಫಾ? ಅದೇ ಮಹಾಯುದ್ಧ, ಅದೇ ಸಾಮ್ರಾಜ್ಯ. ನಾಲ್ಕು ವರ್ಷಗಳ ಅಂತರದಲ್ಲಿ ಒಂದು ವೃತ್ತದಲ್ಲಿ ಶೌರ್ಯವೆನಿಸಿದ್ದು ಇನ್ನೊಂದು ಕಮಾನಿನಡಿ ಮುಜುಗರವಾಯಿತು.

ನಮ್ಮ ವೀರಗಲ್ಲುಗಳು ಈ ವಿಷಯದಲ್ಲಿ ಹೆಚ್ಚು ನೇರ. ತುರುಗಳನ್ನು ಬಿಡಿಸಲು ಸತ್ತವನಿದ್ದರೆ ಹಾಗೆಂದೂ, ಒಡೆಯನ ಕಾಳಗದಲ್ಲಿ ಸತ್ತವನಿದ್ದರೆ ಆ ಒಡೆಯನ ಹೆಸರನ್ನೂ ಹೇಳುತ್ತವೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಯನ್ನೂ ಹೆಸರಿಟ್ಟು ನೆನೆಯುತ್ತದೆ. ಯಾರು, ಯಾರ ಪರವಾಗಿ, ಏತಕ್ಕಾಗಿ: ಈ ಮೂರನ್ನು ಹೇಳಿದ ಮೇಲೆ ತೀರ್ಪು ಓದುವವನಿಗೆ ಬಿಟ್ಟದ್ದು. ಸತ್ತವನನ್ನು ಗೌರವಿಸಲು ಅವನ ಒಡೆಯನ ಕಾರಣವನ್ನು ಒಪ್ಪಬೇಕಾಗಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ.

ತೀನ್ ಮೂರ್ತಿಗೂ ಇಂಡಿಯಾ ಗೇಟ್‌ಗೂ ಬೇಕಾಗಿರುವುದು ಅಜಿತಗಢದ ಮಾದರಿಯ ಒಂದು ಸಣ್ಣ ಫಲಕ. ಇವರು ನಮ್ಮವರು, ಯುದ್ಧ ನಮ್ಮದಾಗಿರಲಿಲ್ಲ ಎಂದು ಅದರಲ್ಲಿ ಬರೆದರೆ ಸಾಕು. ಮೈಸೂರು ಲ್ಯಾನ್ಸರ್‌ಗಳ ಇನ್ನೊಂದು ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೇ ಇದೆ. ದೆಹಲಿಗೆ ಹೋಗಲಾಗದವರು ಈ ಓದನ್ನು ಅಲ್ಲಿಂದಲೇ ಶುರುಮಾಡಬಹುದು, ಅದೂ ನಡೆದುಹೋಗಿ.